ಲಾರಿ ಚಾಲಕರ ಗಮನಕ್ಕೆ: ಮೂಲ ಲೈಸೆನ್ಸ್, ಖಾಲಿ ಚೆಕ್ಕು ಮಾಲೀಕರ ಕೈಗೆ ಕೊಡಬೇಡಿ

ಗಂಗಾವತಿಯ ಅಕ್ಕಿ ಗಿರಣಿಗಳಿಂದ ಬೆಂಗಳೂರಿನ ಯಶವಂತಪುರಕ್ಕೆ ಸೋನಾ ಮಸೂರಿ ಸಾಗಿಸುವ ಲಾರಿಯೊಂದಕ್ಕೆ ನಾನು ಹದಿನಾಲ್ಕು ತಿಂಗಳು ಚಾಲಕನಾಗಿದ್ದೆ. ಆ ಕೆಲಸ ಬಿಡಲು ಎರಡು ತಿಂಗಳು ಹಿಡಿಯಿತು, ಬಿಟ್ಟ ಮೇಲೆ ಮೂರು ವಾರ ಸಂಪಾದನೆಯಿಲ್ಲದೆ ಮನೆಯಲ್ಲಿ ಕುಳಿತೆ. ಮಾಲೀಕರ ಹೆಸರು ಇಲ್ಲಿ ಬೇಡ. ಎಡವಟ್ಟು ಶುರುವಾದದ್ದು ನನ್ನ ಕೈಯಿಂದಲೇ.

ಸೇರುವಾಗ ತಂಗಿಯ ಮದುವೆಗೆಂದು 40,000 ರೂಪಾಯಿ ಮುಂಗಡ ಕೇಳಿದ್ದೆ. ತಿಂಗಳಿಗೆ 2,500 ಮುರಿದುಕೊಳ್ಳುವುದೆಂದು ಮಾತಾಯಿತು, ಗುಮಾಸ್ತರು ಅದನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು, ನನಗೆ ಚೀಟಿ ಕೊಡಲಿಲ್ಲ. ಜೊತೆಗೆ ನನ್ನ ಮೂಲ ಲೈಸೆನ್ಸನ್ನೂ ಸಹಿ ಹಾಕಿದ ಒಂದು ಖಾಲಿ ಚೆಕ್ಕನ್ನೂ 'ಫೈಲಿನಲ್ಲಿ ಇರಲಿ' ಎಂದು ಇಸಿದುಕೊಂಡರು. ಎಲ್ಲರೂ ಕೊಡುತ್ತಾರೆ ಎಂದರು. ನಮ್ಮ ಕಡೆ ನಿಜಕ್ಕೂ ಬಹಳ ಮಂದಿ ಕೊಡುತ್ತಾರೆ, ಹಾಗಾಗಿ ನಾನೂ ಯೋಚಿಸಲಿಲ್ಲ.

2024ರ ಸೆಪ್ಟೆಂಬರ್ ಕೊನೆಗೆ, ತಂದೆಯವರ ಅನಾರೋಗ್ಯದಿಂದಾಗಿ ರಾತ್ರಿ ಮನೆಯಲ್ಲಿರಬೇಕಾದ ಪರಿಸ್ಥಿತಿ ಬಂದಾಗ, ಕೆಲಸ ಬಿಡುತ್ತೇನೆಂದು ಆಫೀಸಿಗೆ ಹೋಗಿ ಬಾಯಿಮಾತಿನಲ್ಲಿ ಹೇಳಿದೆ. "ಸುಗ್ಗಿ ಒಂದು ಮುಗೀಲಿ ತಮ್ಮಾ, ಆಮೇಲೆ ನಾನ ಕಳಿಸ್ತೀನಿ" ಎಂದರು ಸಾವ್ಕಾರರು. ತುಂಗಭದ್ರಾ ನಾಲೆಯ ಭತ್ತ ನವೆಂಬರಿನಲ್ಲಿ ಕೊಯ್ಲಿಗೆ ಬಂದರೆ ಗಿರಣಿಗಳಿಗೆ ಹಗಲಿರುಳು ಲಾರಿ ಬೇಕು, ಅವರ ಕಷ್ಟ ನನಗೂ ಗೊತ್ತಿತ್ತು. ಆದರೆ 'ಇನ್ನೊಂದು ಟ್ರಿಪ್' ಎಂಬುದು ಐದು ಟ್ರಿಪ್ಪಾಯಿತು. ಆ ಐದಕ್ಕೂ ಬತ್ತಾ, ಅಂದರೆ ಟ್ರಿಪ್ಪಿನ ಭತ್ಯೆ, ಕೈಗೆ ಬರಲಿಲ್ಲ, ಖಾತೆಗೆ ಬರೆದಿದೆ ಎಂದರು.

ಒಂದು ರಾತ್ರಿ ಸಿಟ್ಟಿನಲ್ಲಿ ಹಿರಿಯೂರಿನ ಹತ್ತಿರ ಢಾಬಾದ ಮುಂದೆ ಲಾರಿ ನಿಲ್ಲಿಸಿ, ಬಸ್ಸು ಹತ್ತಿ ಊರಿಗೆ ಹೋಗಿಬಿಡೋಣ ಎಂದುಕೊಂಡಿದ್ದೆ. ಪಕ್ಕದಲ್ಲಿ ಊಟ ಮಾಡುತ್ತಿದ್ದ ಸಿಂಧನೂರಿನ ಹಿರಿಯ ಚಾಲಕರೊಬ್ಬರು ತಡೆದರು. ಬೇರೆಯವರ ಇಪ್ಪತ್ತು ಟನ್ ಅಕ್ಕಿಯನ್ನು ರಸ್ತೆಯಲ್ಲಿ ಬಿಟ್ಟರೆ ನಂಬಿಕೆ ದ್ರೋಹದ ದೂರು ಕೊಡಲು ನಾನೇ ದಾರಿ ಮಾಡಿಕೊಟ್ಟಂತೆ ಎಂದ ಅವರ ಮಾತು ನನ್ನನ್ನು ಉಳಿಸಿತು.

ಹಾಗೆಂದು ಲಾರಿ ಒಪ್ಪಿಸುವಾಗಲೂ ನಾನು ಜಾಣನಾಗಲಿಲ್ಲ. ನವೆಂಬರ್ ಕೊನೆಯಲ್ಲಿ ಯಾರ್ಡಿನಲ್ಲಿ ನಿಲ್ಲಿಸಿ ಕೀಲಿ ಕೊಟ್ಟು ಬಂದೆ. ಫೋಟೋ ತೆಗೆಯಲಿಲ್ಲ, ಯಾರ ಸಹಿಯನ್ನೂ ಪಡೆಯಲಿಲ್ಲ. ನಾಲ್ಕನೇ ದಿನ ಫೋನ್ ಬಂತು: ಜಾಕ್ ಇಲ್ಲ, ಸ್ಟೆಪ್ನಿ ಬದಲಾಗಿದೆ, ಡೀಸೆಲ್ ಲೆಕ್ಕ ಹೊಂದುತ್ತಿಲ್ಲ, ಒಟ್ಟು 38,000 ಕಟ್ಟಿ ಲೈಸೆನ್ಸ್ ಒಯ್ಯಿ. ವಾಸ್ತವದಲ್ಲಿ ನನ್ನ ಮುಂಗಡದಲ್ಲಿ ಉಳಿದಿದ್ದದ್ದು 5,000 ಮಾತ್ರ, ಸಂಬಳ ಮತ್ತು ಬತ್ತಾ ಸೇರಿ ಅವರಿಂದಲೇ ನನಗೆ 27,500 ಬರಬೇಕಿತ್ತು.

ಲೈಸೆನ್ಸ್ ಇಲ್ಲದೆ ಯಾರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಮೂರು ವಾರ ಕಳೆದೆ. ಡಿಜಿಲಾಕರ್‌ನಲ್ಲಿರುವ ಲೈಸೆನ್ಸಿಗೆ 2018ರಿಂದಲೇ ಮೂಲ ಕಾರ್ಡಿನಷ್ಟೇ ಮಾನ್ಯತೆ ಇದೆ ಎಂಬುದು ತಿಳಿದಿದ್ದರೆ ಆ ಇಪ್ಪತ್ತೊಂದು ದಿನ ನಷ್ಟವಾಗುತ್ತಿರಲಿಲ್ಲ. ಕೊನೆಗೆ ಕೊಪ್ಪಳದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದೆ. ಅಲ್ಲಿ ಸಿಕ್ಕ ವಕೀಲರು ಹೇಳಿದ ವಿಷಯ ಇದು: ಮುಂಗಡ ಕೊಟ್ಟವರು ಅದರ ಬಾಕಿ ಕೇಳಬಹುದೇ ಹೊರತು, ಅದು ತೀರುವವರೆಗೆ ಬೇರೆಡೆ ದುಡಿಯದಂತೆ ಕಟ್ಟಿಹಾಕುವಂತಿಲ್ಲ, ಹಾಗೆ ಮಾಡಿದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಮಾತು ಬರುತ್ತದೆ. ಅವರು ನೋಟಿಸ್ ಕಳಿಸಿದ ವಾರದಲ್ಲಿ ಗುಮಾಸ್ತರ ಮೂಲಕ ಲೈಸೆನ್ಸ್ ಬಂತು. ಹಣದಲ್ಲಿ 15,000 ಬಂತು, ಉಳಿದದ್ದು ಬರಲಿಲ್ಲ.

ಈಗ ಬಿಡುವವರಿಗೆ ಒಂದು ಅನುಕೂಲವಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ತಾನಾಗಿ ರಾಜೀನಾಮೆ ಕೊಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಆದರೆ ನೀವು ಬಿಟ್ಟ ದಿನ ಯಾವುದೆಂದು ತೋರಿಸುವ ಕಾಗದ ಬೇಕಲ್ಲ? ಆದ್ದರಿಂದ ಕೊನೆಯ ದಿನಾಂಕ ನಮೂದಿಸಿ ಪತ್ರ ಬರೆದು, ಪ್ರತಿಯ ಮೇಲೆ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅವರು ಬೇಡವೆಂದು ಲಕೋಟೆ ಹಿಂತಿರುಗಿದರೆ ಅದನ್ನು ಒಡೆಯದೆ ಇಟ್ಟುಕೊಳ್ಳಿ. ಪತ್ರದಲ್ಲಿ ಬೈಗುಳ, ಹಳೆಯ ದೂರು ಬೇಡ. ಲಾರಿಯನ್ನು ಖಾಲಿ ಮಾಡಿದ ನಂತರ ಮಾಲೀಕರ ಯಾರ್ಡಿನಲ್ಲೇ ಒಪ್ಪಿಸಿ, ಕಿಲೋಮೀಟರ್ ರೀಡಿಂಗ್, ಡೀಸೆಲ್ ಮುಳ್ಳು, ಪ್ರತಿ ಟೈರು, ಸ್ಟೆಪ್ನಿ, ಜಾಕ್, ತಾಡಪತ್ರಿ, ಗಾಡಿಯ ಕಾಗದಪತ್ರ, ಎಲ್ಲದರ ವಿಡಿಯೋ ಮಾಡಿಕೊಳ್ಳಿ.

ಖಾಲಿ ಚೆಕ್ಕಿನ ವಿಷಯ ಇನ್ನೂ ಕಠಿಣ. ಮೊತ್ತವನ್ನು ಬೇರೆಯವರು ಬರೆದಿದ್ದರೂ ಸಹಿ ನಿಮ್ಮದಾಗಿದ್ದರೆ, ಸಾಲವಿರಲಿಲ್ಲ ಎಂದು ತೋರಿಸುವ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ. ಚೆಕ್ ಬೌನ್ಸ್ ಪ್ರಕರಣದ 138ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು, ಇಲ್ಲವೇ ಮೊತ್ತದ ಇಮ್ಮಡಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಬ್ಯಾಂಕಿಗೆ ಹೇಳಿ ಪಾವತಿ ತಡೆಸಿದ ಮಾತ್ರಕ್ಕೆ ಪ್ರಕರಣದಿಂದ ಪಾರಾಗುವುದಿಲ್ಲ. ನನ್ನ ಚೆಕ್ಕು ಇಂದಿಗೂ ವಾಪಸಾಗಿಲ್ಲ. ಅದರ ಸಂಖ್ಯೆಯನ್ನೂ ಯಾವ ಕಾರಣಕ್ಕೆ ಕೊಟ್ಟಿದ್ದೆ ಎಂಬುದನ್ನೂ ವಕೀಲರು ನೋಟಿಸಿನಲ್ಲಿ ಬರೆದಿರುವುದೊಂದೇ ನನಗಿರುವ ಧೈರ್ಯ.

ಈಗ ಕೊಪ್ಪಳದಲ್ಲೇ ಟಿಪ್ಪರ್ ಓಡಿಸುತ್ತಿದ್ದೇನೆ. ಸೇರುವಾಗ ಇಲ್ಲಿಯೂ ಮೂಲ ಲೈಸೆನ್ಸ್ ಕೇಳಿದರು. ಜೆರಾಕ್ಸ್ ಕೊಟ್ಟು, ಮೂಲ ಪ್ರತಿ ನನ್ನ ಬಳಿಯೇ ಇರಬೇಕೆಂದೆ. ಅವರು ಮರುಮಾತಿಲ್ಲದೆ ಜೆರಾಕ್ಸನ್ನೇ ಫೈಲಿಗೆ ಹಾಕಿದರು.