ಪ್ಯಾಂಥರ್ ಟ್ಯಾಂಕಿಗೆ ಜೆ.ಸಿ. ರೋಡ್ ಗ್ರೀಸ್: ನಾಲ್ಕು ಬಗೆ ಹಾಕಿ ನೋಡಿದ ಮೇಲೆ

"ಟ್ಯಾಂಕಿನ ಗೇರಿಗೆ ಗ್ರೀಸ್ ಬೇಕಿತ್ತು" ಅಂದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಗಾಡಿ ಸಾಮಾನು ಮಾರುವ ಆ ಅಂಗಡಿಯವರು ಬಿಲ್ ಬುಕ್ಕಿನಿಂದ ತಲೆ ಎತ್ತಲಿಲ್ಲ. "ನೀರಿನ ಟ್ಯಾಂಕಿಗೆ ಎಲ್ಲಿಯ ಗೇರ್ ಸಾರ್?" ಅಂದರು. ಅವರದೇನೂ ತಪ್ಪಿಲ್ಲ. ಈ ಊರಲ್ಲಿ ಟ್ಯಾಂಕ್ ಅಂದರೆ ತಾರಸಿ ಮೇಲೆ ಕೂತಿರುವ ಕರಿ ಡ್ರಮ್ಮು ತಾನೆ. ಫೋನ್ ತೆಗೆದು ಫೋಟೊ ತೋರಿಸಿದೆ. ಎರಡು ಸಲ ದೊಡ್ಡದು ಮಾಡಿ ನೋಡಿ "ಓ, ಆಟದ್ದಾ" ಅಂದರು. ಆಟದ್ದೇ, ಆದರೆ ಐದು ಕೆ.ಜಿ. ಹತ್ತಿರ ತೂಗುತ್ತದೆ, ಒಳಗೆ ಗೇರೆಲ್ಲ ಸ್ಟೀಲು ಅಂದ ಮೇಲೆ ಅವರೂ ಸ್ವಲ್ಪ ಮುಂದಕ್ಕೆ ಬಗ್ಗಿದರು. ಅವತ್ತು ಅವರು ಕೊಟ್ಟ ಒಂದು ಸಣ್ಣ ಪ್ಯಾಕೆಟ್ಟಿನ ಬಗ್ಗೆ ಬರೆಯಲು ಕೂತಿದ್ದೇನೆ. ಆದರೆ ಅದಕ್ಕೆ ಮುಂಚೆ ನಾನು ಮಾಡಿಕೊಂಡ ಅವಾಂತರ ಹೇಳದಿದ್ದರೆ ಅದರ ಬೆಲೆ ಗೊತ್ತಾಗುವುದಿಲ್ಲ.

ನನ್ನದು ಪ್ಯಾಂಥರ್ ಅನ್ನುವ ಯುದ್ಧದ ಟ್ಯಾಂಕಿನ ರಿಮೋಟ್ ಮಾದರಿ, 1/16 ಅಳತೆ, ಅಂದರೆ ಅಸಲಿಯ ಹದಿನಾರನೇ ಒಂದು ಭಾಗ. ಅಕ್ಕನ ಮಗನ ಹತ್ತಿರ ಅದೇ ಅಳತೆಯ ಟಿ-34 ಅನ್ನುವ ರಷ್ಯದ ಟ್ಯಾಂಕ್ ಇದೆ, ಅದರ ಗೇರ್ ಪ್ಲಾಸ್ಟಿಕ್. ಭಾನುವಾರ ಬೆಳಗ್ಗೆ ಇಬ್ಬರೂ ಬನಶಂಕರಿ 6ನೇ ಹಂತದ ಕಡೆ ಖಾಲಿ ಸೈಟುಗಳಲ್ಲಿ ಓಡಿಸುತ್ತೇವೆ. ವಾಕಿಂಗ್ ಬಂದವರು ನಿಂತು ನೋಡುತ್ತಾರೆ. ಒಬ್ಬ ಅಜ್ಜ ಪ್ರತಿ ವಾರವೂ "ಎಷ್ಟಾಯ್ತಪ್ಪಾ ಇದಕ್ಕೆ?" ಅಂತ ಕೇಳುತ್ತಾರೆ, ನಾನು ಪ್ರತಿ ವಾರವೂ ಅರ್ಧ ಬೆಲೆ ಹೇಳುತ್ತೇನೆ. ಮನೆಯಲ್ಲೂ ಅದೇ ಲೆಕ್ಕ ಕೊಟ್ಟಿರುವುದರಿಂದ ಎಲ್ಲ ಕಡೆ ಒಂದೇ ಮಾತು ಇರಲಿ ಅಂತ.

ಅಸಲಿ ಪ್ಯಾಂಥರ್ ಜರ್ಮನರದು, ಸುಮಾರು 45 ಟನ್. 1943ರ ಜುಲೈನಲ್ಲಿ ಕುರ್ಸ್ಕ್‌ನಲ್ಲಿ ಮೊದಲ ಸಲ ಯುದ್ಧಕ್ಕೆ ಇಳಿಯಿತು. ಅದರ ದೊಡ್ಡ ತಲೆನೋವೇ ಫೈನಲ್ ಡ್ರೈವ್, ಅಂದರೆ ಚೈನು (ಟ್ಯಾಂಕಿನ ಚಕ್ರಗಳ ಸುತ್ತ ಓಡುವ ಪಟ್ಟಿ) ಎಳೆಯುವ ಹಲ್ಲಿನ ಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, ಶಕ್ತಿ ಕೊಡುವ ಕೊನೆಯ ಗೇರುಗಳು. ಯುದ್ಧ ಮುಗಿದ ಮೇಲೆ ಈ ಟ್ಯಾಂಕುಗಳನ್ನು ಫ್ರೆಂಚರೂ ಸ್ವಲ್ಪ ಕಾಲ ಇಟ್ಟುಕೊಂಡಿದ್ದರು. 1947ರ ಅವರ ವರದಿಯಲ್ಲಿ ಫೈನಲ್ ಡ್ರೈವ್ ಆಯಸ್ಸು ಸುಮಾರು 150 ಕಿಲೋಮೀಟರ್ ಅಂತ ಇದೆ. ಬೆಂಗಳೂರಿಂದ ಹೊರಟರೆ ಹೆಚ್ಚುಕಡಿಮೆ ಮೈಸೂರು, ಅಷ್ಟೇ, ವಾಪಸ್ ಬರುವ ಮಾತಿಲ್ಲ. ನನ್ನ ಮರಿ ಪ್ಯಾಂಥರ್ ಕೂಡ ಅದೇ ಜಾಗದಲ್ಲಿ ಕೈ ಕೊಟ್ಟಾಗ ಒಂಥರಾ ವಂಶದ ಗುಣ ಅನ್ನಿಸಿತು.

ಆಗಿದ್ದು ಇಷ್ಟು. ಈ ಟ್ಯಾಂಕುಗಳಲ್ಲಿ ಎರಡು ಮೋಟರು, ಎರಡು ಗೇರ್‌ಬಾಕ್ಸು, ಎಡಕ್ಕೊಂದು ಬಲಕ್ಕೊಂದು. ಒಂದು ಕಡೆ ನಿಧಾನ ಮಾಡಿದರೆ ಆ ಕಡೆ ತಿರುಗುತ್ತದೆ. ನನ್ನದಕ್ಕೆ ಮೊದಲು ಇದ್ದಿದ್ದು ಪ್ಲಾಸ್ಟಿಕ್ ಗೇರೇ. ಒಂದೊಂದು ಗೇರಿನ ಮೇಲೆ ಹುಡುಕಿದರೆ ಸಿಗುವಷ್ಟು ಗ್ರೀಸ್ ಇತ್ತು, ಉಳಿದದ್ದು ಒಣ ಒಣ. ಸರಿ, ನಾನೇ ಹಾಕೋಣ ಅಂತ ಎಪಿ-3 ಗ್ರೀಸ್ ಅರ್ಧ ಕೆ.ಜಿ. ಡಬ್ಬ ತಂದೆ. ಲಾರಿ ವೀಲ್ ಬೇರಿಂಗಿಗೇ ಹಾಕುತ್ತಾರೆ, ಆಟದ ಸಾಮಾನಿಗೆ ಸಾಲದಾ? ಹೋಳಿಗೆಗೆ ತುಪ್ಪ ಹಾಕುವ ಧಾರಾಳದಲ್ಲಿ ಎರಡೂ ಗೇರ್‌ಬಾಕ್ಸ್ ತುಂಬಿಸಿ ಮುಚ್ಚಿದೆ. ಮೊದಲ ವಾರ ಸದ್ದೇ ಇಲ್ಲ, ಬೆಣ್ಣೆ ಥರ ಓಡಿತು. ಮೂರನೇ ವಾರಕ್ಕೆ ನೆಟ್ಟಗೆ ಬಿಟ್ಟರೂ ಎಡಕ್ಕೆ ಎಳೆಯಲು ಶುರುಮಾಡಿತು. ರಿಮೋಟಿನಲ್ಲಿ ನೆಟ್ಟಗೆ ಹೋಗುವಂತೆ ಹೊಂದಿಸುವ ಟ್ರಿಮ್ ಸರಿ ಮಾಡಿ ಮಾಡಿ ಇನ್ನೊಂದು ತಿಂಗಳು ತಳ್ಳಿದೆ. ಇದೇ ನನ್ನ ಪೆದ್ದತನ. ಒಂದು ಕಡೆ ಎಳೆಯುತ್ತಿದೆ ಅಂದರೆ ಆ ಕಡೆಯ ಗೇರ್‌ಬಾಕ್ಸ್ ಬಿಗಿಯಾಗಿದೆಯಾ ಅಂತ ಮೊದಲು ನೋಡಬೇಕು, ರಿಮೋಟ್ ಆಮೇಲೆ. ಕೊನೆಗೆ ಹುಲ್ಲಿನ ಮೇಲೆ ನಿಂತಲ್ಲೇ ಗಿರಕಿ ಹೊಡೆಸಿದೆ. ಆಗ ಚೈನು ಅಡ್ಡಡ್ಡ ಉಜ್ಜುತ್ತದೆ, ಗೇರಿಗೆ ಅದಕ್ಕಿಂತ ಜಾಸ್ತಿ ಭಾರ ಬೇರೆ ಯಾವಾಗಲೂ ಬೀಳಲ್ಲ. ಟಕ್ ಅಂತ ಸದ್ದು. ಎಡ ಚೈನು ನಿಂತಿತು.

ಬಿಚ್ಚಿ ನೋಡಿದಾಗ ಕಂಡದ್ದು ಈಗಲೂ ಕಣ್ಣಲ್ಲಿದೆ. ನಾನು ತುಂಬಿದ ಗ್ರೀಸೆಲ್ಲ ಗೇರ್‌ಬಾಕ್ಸಿನ ಮೂಲೆಗಳಲ್ಲಿ ಗೋಡೆ ಕಟ್ಟಿಕೊಂಡು ಕೂತಿತ್ತು. ನಡುವೆ ಗೇರುಗಳು ತಮಗೆ ಬೇಕಾದಷ್ಟು ದಾರಿ ಕೊರೆದುಕೊಂಡಿದ್ದವು, ಹಲ್ಲುಗಳ ಮೇಲೆ ಮಾತ್ರ ಏನೂ ಇಲ್ಲ. ಇದ್ದ ಚೂರುಪಾರು ಕೆಂಪಗೆ ಮರಳುಮರಳಾಗಿತ್ತು, ಖಾಲಿ ಸೈಟಿನ ಮಣ್ಣು. ಬೆರಳಿಗೆ ತೆಗೆದು ಉಜ್ಜಿದರೆ ಉಪ್ಪುಕಾಗದ. ಕೊನೆಯ ಶಾಫ್ಟಿಗೆ ಉದ್ದ ಕೂದಲು ಸುತ್ತಿ ಸುತ್ತಿ ಬಳೆಯಂತೆ ಗಟ್ಟಿಯಾಗಿತ್ತು, ಮನೆ ಹಾಲಿನಲ್ಲಿ ಓಡಿಸಿದ್ದರ ಫಲ. ಬಿಗಿಯಾಗಿದ್ದು ಅದರಿಂದಲೇ. ಮೂರು ಹಲ್ಲು ಮುರಿದಿದ್ದವು.

ಎಪಿ-3ಯದು ಗ್ರೀಸಿನ ತಪ್ಪಲ್ಲ, ಜಾಗದ ತಪ್ಪು. ಹೆಸರಿನ ಕೊನೆಯ 3 ಅಂದರೆ ಎನ್‌ಎಲ್‌ಜಿಐ ಅನ್ನುವ ಅಳತೆಯಲ್ಲಿ ಎಷ್ಟು ಗಟ್ಟಿ ಅಂತ. 000ದಿಂದ 6ರವರೆಗೆ ಹೋಗುತ್ತದೆ. 000 ಅಂದರೆ ಅಡುಗೆ ಎಣ್ಣೆ ಥರ ಹರಿಯುತ್ತದೆ, 6 ಅಂದರೆ ಚೀಸ್ ಗಡ್ಡೆ. 2 ಅಂದರೆ ಪೀನಟ್ ಬಟರ್ ಹದ, 3 ಅಂದರೆ ಡಾಲ್ಡಾ. ಲಾರಿ ಚಕ್ರದ ಬೇರಿಂಗಿನಲ್ಲಿ ಡಾಲ್ಡಾ ಹದ ಸರಿ, ಕೂತಲ್ಲಿ ಕೂತಿರಬೇಕು. ನಮ್ಮ ಸಣ್ಣ ಗೇರು ಒಮ್ಮೆ ದಾರಿ ಕೊರೆದ ಮೇಲೆ ಅದು ಮತ್ತೆ ಹಲ್ಲಿನ ಮೇಲೆ ಬಂದು ಬೀಳುವುದಿಲ್ಲ. ಸಣ್ಣ ಮೋಟರಿಗೆ ಇಷ್ಟು ಗಟ್ಟಿ ಗ್ರೀಸ್ ತಿರುವುವುದೇ ಒಂದು ಕೆಲಸ, ಬ್ಯಾಟರಿ ಅದಕ್ಕೇ ಬೇಗ ಮುಗಿಯುತ್ತಿತ್ತು ಅಂತ ಆಮೇಲೆ ಹೊಳೆಯಿತು. ಟ್ಯಾಂಕಿಗಾದರೆ ಐದಕ್ಕೆ ಒಂದು ಅಂಕ.

ಸ್ಟೀಲ್ ಗೇರಿನ ಜೋಡಿ ತರಿಸಿ ಹಾಕುವ ಹೊತ್ತಿಗೆ ಯಾರೋ ವೈಟ್ ಲಿಥಿಯಂ ಸ್ಪ್ರೇ ಅಂದರು. ಇದರ ಬಗ್ಗೆ ಜಾಸ್ತಿ ಹೇಳಲ್ಲ. ಗ್ರೀಸ್ ಚೆನ್ನಾಗಿಯೇ ಇದೆ, ಸ್ಪ್ರೇ ಅನ್ನುವುದೇ ಸಮಸ್ಯೆ. ನಳಿಕೆ ಇಟ್ಟು ಒತ್ತಿದರೆ ಗೇರಿಗಿಂತ ಅಕ್ಕಪಕ್ಕಕ್ಕೇ ಜಾಸ್ತಿ ಬೀಳುತ್ತದೆ, ಮೋಟರಿನ ತೂತುಗಳೊಳಗೂ ಹೋಗುತ್ತದೆ. ಬ್ರಷ್ ಮೋಟರಿನ ಒಳಗೆ ಕಾರ್ಬನ್ ಬ್ರಷ್ ತಾಗುವ ಜಾಗಕ್ಕೆ ಗ್ರೀಸ್ ಹೋದರೆ ಕರೆಂಟ್ ಸರಿಯಾಗಿ ಹರಿಯಲ್ಲ. ಗೇರ್ ಪೂರ್ತಿ ಹೊರಗೆ ತೆಗೆದು, ಮೋಟರ್ ದೂರ ಇಟ್ಟು ಹೊಡೆಯುವುದಾದರೆ ನಡೆಯುತ್ತದೆ. ಅಷ್ಟೆಲ್ಲ ತೆಗೆದ ಮೇಲೆ ಕಡ್ಡಿಯಲ್ಲೇ ಹಚ್ಚಬಹುದಲ್ವಾ.

ಡಬ್ಲ್ಯುಡಿ-40 ಹಾಕಬಹುದಾ ಅಂತ ಕೇಳುವವರೂ ಇದ್ದಾರೆ. ಹೆಸರಲ್ಲೇ ಇದೆ, ಡಬ್ಲ್ಯುಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರು ಓಡಿಸುವುದು. 1953ರಲ್ಲಿ ನಲವತ್ತನೇ ಪ್ರಯತ್ನಕ್ಕೆ ಸರಿಬಂತು ಅಂತ 40. ತುಕ್ಕು ಹಿಡಿದ ಸ್ಕ್ರೂ ಬಿಡಿಸಲು, ಒದ್ದೆಯಾದ ಚೈನು ಒರೆಸಲು ಹಾಕಿ. ಗೇರಿಗೆ ಗ್ರೀಸ್ ಬದಲು ಬೇಡ, ಇರುವ ಗ್ರೀಸನ್ನೂ ತೊಳೆದು ಹಾಕುತ್ತದೆ.

ಈಗ ಆ ಪ್ಯಾಕೆಟ್ಟಿನ ವಿಷಯ. ಫೋಟೊ ನೋಡಿದ ಅಂಗಡಿಯವರು ಒಳಗೆ ಹೋಗಿ ಪ್ಲಾಸ್ಟಿಕ್ ಸ್ಯಾಶೆ ತಂದಿಟ್ಟರು. ಕಾರಿನ ಚಕ್ರಕ್ಕೆ ಶಕ್ತಿ ಕೊಡುವ ಶಾಫ್ಟಿನ ಕೀಲು, ಅಂದರೆ ಸಿವಿ ಜಾಯಿಂಟಿಗೆ, ಅದರ ರಬ್ಬರ್ ಮುಸುಕು (ಬೂಟ್) ಬದಲಿಸುವಾಗ ಹಾಕುವ ಕರಿ ಗ್ರೀಸ್. "ಸ್ಟೀಲ್ ಮೇಲೆ ಸ್ಟೀಲ್ ಉಜ್ಜೋ ಕಡೆ ಇದೇ ಸಾರ್. ಆದ್ರೆ ಜಾಸ್ತಿ ಹಾಕ್ಬೇಡಿ, ಕಣ್ಣಿಗೆ ಕಾಡಿಗೆ ಹಚ್ದಂಗೆ ಹಚ್ಚಿ" ಅಂದರು. ಕಪ್ಪು ಬಣ್ಣ ಮಾಲಿಬ್ಡಿನಂ ಡೈಸಲ್ಫೈಡ್‌ನದು, ಮೆಕ್ಯಾನಿಕ್ಕುಗಳ ಬಾಯಲ್ಲಿ ಮಾಲಿ ಗ್ರೀಸ್. ಪದರ ಪದರವಾಗಿರುವ ಪುಡಿ, ಒಂದರ ಮೇಲೊಂದು ಜಾರುತ್ತದೆ. ಭಾರ ಬಿದ್ದು ಗ್ರೀಸ್ ಪಕ್ಕಕ್ಕೆ ಸರಿದರೂ ಈ ಪುಡಿ ಹಲ್ಲಿನ ಮೇಲೆ ಉಳಿದುಕೊಂಡು ಲೋಹಕ್ಕೆ ಲೋಹ ಕಚ್ಚದಂತೆ ನೋಡಿಕೊಳ್ಳುತ್ತದೆ. ಬೆಲೆ ಒಂದು ಮಸಾಲೆ ದೋಸೆ, ಒಂದು ಕಾಫಿ ಆಸುಪಾಸು. ಒಂದು ಸ್ಯಾಶೆ ನನ್ನ ಜನ್ಮಕ್ಕೆ ಸಾಕು.

ಹಚ್ಚುವ ಮುಂಚೆ ತೊಳೆಯುವುದೇ ಅಸಲಿ ಕೆಲಸ. ಎಸ್.ಪಿ. ರೋಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಒರೆಸಲು ಐಪಿಎ ಅಂತ ಸ್ಪಿರಿಟ್ ಸಿಗುತ್ತದೆ, ಅದು ಮತ್ತು ಹಳೆಯ ಟೂತ್‌ಬ್ರಷ್. ಪೆಟ್ರೋಲ್, ಥಿನ್ನರ್ ಹತ್ತಿರವೂ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ, ಮನೆಯವರೂ ಹೊರಗೆ ಹಾಕುತ್ತಾರೆ. ಬಿಚ್ಚುವಾಗ ಪ್ರತಿ ಹಂತಕ್ಕೂ ಒಂದು ಫೋಟೊ. ಶಾಫ್ಟಿನಲ್ಲಿ ತೆಳ್ಳನೆ ವಾಷರ್ ಇರುತ್ತವೆ, ಗ್ರೀಸಿಗೆ ಅಂಟಿಕೊಂಡು ಕಣ್ಣಿಗೆ ಕಾಣಲ್ಲ, ಬಟ್ಟೆಯ ಜೊತೆ ಕಸಕ್ಕೆ ಹೋಗುತ್ತವೆ. ನಾನು ಒಂದು ಕಳೆದುಕೊಂಡು ಕಸದ ಗಾಡಿ ಬರುವ ಮುಂಚೆ ಬಕೆಟ್ ಮಗುಚಿ ಹುಡುಕಿದ್ದೇನೆ. ತೆಗೆದ ಹಳೆ ಗ್ರೀಸನ್ನು ಬಿಳಿ ಕಾಗದಕ್ಕೆ ಸವರಿ ಬಿಸಿಲಿಗೆ ಹಿಡಿಯಿರಿ. ಮಿಣಮಿಣ ಮಿನುಗಿದರೆ ಗೇರ್ ಸವೆಯುತ್ತಿದೆ ಅಂತ ಅರ್ಥ. ಹೊಸ ಗೇರಿನಲ್ಲಿ ಮೊದಲ ಸಲ ಸ್ವಲ್ಪ ಮಿನುಗುವುದು ಸಹಜ, ಎರಡನೇ ಸಲವೂ ಹಾಗೇ ಇದ್ದರೆ ಮೋಟರ್ ಕೂರಿಸಿದ್ದು ಸರಿಯಿಲ್ಲ.

ಅದಕ್ಕೊಂದು ಸುಲಭದ ಉಪಾಯ. ಮೋಟರಿನ ಸಣ್ಣ ಗೇರಿಗೂ ಪಕ್ಕದ ದೊಡ್ಡ ಗೇರಿಗೂ ನಡುವೆ ಪ್ರಿಂಟರ್ ಕಾಗದದ ಒಂದು ಪಟ್ಟಿ ಸಿಕ್ಕಿಸಿ, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಆಮೇಲೆ ಗೇರ್ ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಆ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್, ಅಷ್ಟು ಸಂದು ಸಾಕು. ಕಾಗದ ಹಲ್ಲಿನ ಗುರುತಿನೊಂದಿಗೆ ಮಡಿಕೆ ಮಡಿಕೆಯಾಗಿ ಬರಬೇಕು, ಹರಿದು ಬಂದರೆ ಬಿಗಿ ಜಾಸ್ತಿ. ಆಮೇಲೆ ಟೂತ್‌ಪಿಕ್ಕಿನ ತುದಿಯಲ್ಲಿ ಒಂದೊಂದು ಗೇರಿಗೆ ಸಾಸಿವೆ ಕಾಳಿನಷ್ಟು ಗ್ರೀಸ್, ಎರಡು ಮೂರು ಕಡೆ, ಕೈಯಲ್ಲಿ ತಿರುಗಿಸುತ್ತಾ. ಹಲ್ಲಿನ ಬಣ್ಣ ಕಪ್ಪಾದರೆ ಸಾಕು, ಹಲ್ಲಿನ ಸಂದು ತುಂಬಬಾರದು. ಗೇರ್‌ಬಾಕ್ಸ್ ತುಂಬಾ ಸುರಿದವನಿಗೆ ಇದು ಎಷ್ಟು ಜಿಪುಣತನ ಅನ್ನಿಸಿತು ಗೊತ್ತಾ! ಎರಡು ಸಲ ಗೇರ್‌ಬಾಕ್ಸ್ ಮುಚ್ಚಿ ಮತ್ತೆ ತೆರೆದು ನೋಡಿದ್ದೇನೆ.

ಮೋಟರ್ ಶಾಫ್ಟ್ ಹೊರಬರುವ ಹಿತ್ತಾಳೆ ಬಣ್ಣದ ಬುಷ್‌ಗೆ ಗ್ರೀಸ್ ಅಲ್ಲ, ಎಣ್ಣೆ. ಅದರೊಳಗೆ ಸಣ್ಣ ಸಣ್ಣ ರಂಧ್ರ ಇದ್ದು ಎಣ್ಣೆ ಹೀರಿಟ್ಟುಕೊಳ್ಳುತ್ತದೆ. ಹೊಲಿಗೆ ಮಷಿನ್ ಎಣ್ಣೆ ಒಂದೇ ತೊಟ್ಟು, ಉಳಿದದ್ದು ಒರೆಸಿ. ಇದಕ್ಕೆ ಐದಕ್ಕೆ ಐದು, ಮನೆಯಲ್ಲೇ ಇತ್ತು. ಹೊರಗಿನ ಚಕ್ರಗಳಿಗೆ, ಚೈನಿಗೆ ಏನೂ ಹಾಕಬೇಡಿ, ದೂಳು ಹಿಡಿಯಲು ಕರೆದು ಕೂರಿಸಿದಂತೆ.

ಟಿ-34ದು ಬೇರೆ ಕಥೆ. ಪ್ಲಾಸ್ಟಿಕ್ ಗೇರಿಗೆ ಟಾಮಿಯಾ ಕಂಪನಿಯ ಸೆರಾಮಿಕ್ ಗ್ರೀಸ್ ತರಿಸಿದೆ, 10 ಗ್ರಾಂ ಟ್ಯೂಬು. ಬಿಳಿ ಬಣ್ಣ, ಇದರಲ್ಲಿ ಬೋರಾನ್ ನೈಟ್ರೈಡ್ ಇದೆ. ಗ್ರಾಂ ಲೆಕ್ಕ ಹಾಕಿದರೆ ಬಾದಾಮಿಗಿಂತ ದುಬಾರಿ, ಹಾಕದಿದ್ದರೆ ನೆಮ್ಮದಿ. ಪ್ಲಾಸ್ಟಿಕ್ಕಿಗೆ ಅಂತಲೇ ಮಾಡಿದ್ದು, ಟ್ಯೂಬಿನ ಮೂತಿ ಸಪೂರ, ನೇರ ಹಲ್ಲಿನ ಮೇಲೇ ಇಡಬಹುದು. ಹಾಕಿದ ಕೂಡಲೇ ಕಿರ್ ಅನ್ನುವ ಸದ್ದು ಗುರ್ ಆಯಿತು. ಬಿಳಿ ಇರುವುದರಿಂದ ಮಣ್ಣು ಸೇರಿದ್ದು ತಕ್ಷಣ ಕಾಣುತ್ತದೆ, ಕರಿ ಗ್ರೀಸಿನಲ್ಲಿ ಈ ಅನುಕೂಲ ಇಲ್ಲ. ಟಿ-34ರ ಸ್ಪ್ರಾಕೆಟ್ ಹಿಂದೆ ಇದೆ, ಚೈನು ಎತ್ತಿ ತರುವ ಮಣ್ಣೆಲ್ಲ ಅಲ್ಲೇ ಉದುರುತ್ತದೆ, ಹಾಗಾಗಿ ಅದನ್ನು ನನ್ನದಕ್ಕಿಂತ ಬೇಗ ಬೇಗ ಬಿಚ್ಚುತ್ತೇವೆ. ಹುಡುಗನೇ ಬಿಚ್ಚುತ್ತಾನೆ, ನಾನು ವಾಷರ್ ಕಾಯುತ್ತೇನೆ. ಸೆರಾಮಿಕ್‌ಗೆ ಐದಕ್ಕೆ ನಾಲ್ಕು. ಒಂದು ಅಂಕ ಕಡಿಮೆ ಮಾಡಿದ್ದು ಬೆಲೆಗೆ.

ಹೊರದೇಶದವರು ಚಳಿಯಲ್ಲಿ ಗ್ರೀಸ್ ಗಟ್ಟಿಯಾಗುವ ಬಗ್ಗೆ ತುಂಬಾ ಬರೆಯುತ್ತಾರೆ. ನಮ್ಮ ಊರಿನ ಡಿಸೆಂಬರ್ ಬೆಳಗಿಗೆ ನನ್ನ ಬೆರಳು ಗಟ್ಟಿಯಾಗಬಹುದು, ಗ್ರೀಸ್ ಆಗಲ್ಲ. ನಮಗೆ ಶತ್ರು ದೂಳು ಮತ್ತು ಮನೆಯೊಳಗಿನ ಕೂದಲು.

ಸಿವಿ ಗ್ರೀಸ್ ಹಾಕಿ ಟ್ಯಾಂಕನ್ನು ಎರಡು ಪುಸ್ತಕದ ಮೇಲೆ ಎತ್ತಿಟ್ಟು, ಚೈನು ನೆಲಕ್ಕೆ ತಾಗದಂತೆ ಐದು ನಿಮಿಷ ಅರ್ಧ ವೇಗದಲ್ಲಿ ಮುಂದಕ್ಕೆ, ಐದು ನಿಮಿಷ ಹಿಂದಕ್ಕೆ ಓಡಿಸಿದೆ. ಮೋಟರ್ ಮುಟ್ಟಿದರೆ ಉಗುರುಬೆಚ್ಚಗೆ. ಬೆರಳು ಇಡಲು ಆಗದಷ್ಟು ಬಿಸಿಯಾದರೆ ಎಲ್ಲೋ ಬಿಗಿ ಇದೆ ಅಂತ. ಅಲ್ಲಿಂದ ಮೂರು ತಿಂಗಳು, ಹೆಚ್ಚುಕಡಿಮೆ ಪ್ರತಿ ಭಾನುವಾರ ಓಡಿದೆ. ಕಳೆದ ವಾರ ಬಿಚ್ಚಿದೆ. ಹಲ್ಲಿನ ಮೇಲೆ ಕಪ್ಪು ಪದರ ಹಾಗೇ ಇದೆ, ಬೆರಳಲ್ಲಿ ಉಜ್ಜಿದರೆ ನುಣುಪು, ಮರಳಿಲ್ಲ. ಶಾಫ್ಟಿನಲ್ಲಿ ಎರಡೇ ಎಳೆ ಕೂದಲು, ಟ್ವೀಜರಿನಲ್ಲಿ ಎಳೆದೆ. ಟ್ರಿಮ್ ಸೊನ್ನೆಗೆ ತಂದಿಟ್ಟು ಬಿಟ್ಟೆ, ನೆಟ್ಟಗೆ ಹೋಗಿ ಪಕ್ಕದ ಸೈಟಿನ ಜಲ್ಲಿ ರಾಶಿಗೆ ಗುದ್ದಿ ನಿಂತಿತು. ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಯಾಕೆಂದರೆ ಬಿಳಿ ಅಂಗಿಗೆ ತಾಗಿದರೆ ಹೋಗಲ್ಲ, ನನ್ನ ಹತ್ತಿರ ಸಾಕ್ಷಿ ಇದೆ.

ಎಪಿ-3 ಡಬ್ಬದಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿದೆ. ಗೇಟಿನ ಕೀಲುಗಳಿಗೆ, ತಂಗಿಯ ಸ್ಕೂಟರ್ ಸ್ಟ್ಯಾಂಡಿಗೆ, ಪಕ್ಕದ ಮನೆಯ ಶಟರಿಗೆ ಹಚ್ಚಿಯೂ ಮುಗಿದಿಲ್ಲ. ಲಾರಿ ಇರುವವರು ಯಾರಾದರೂ ಇದ್ದರೆ ಹೇಳಿ, ಕತ್ತರಿಗುಪ್ಪೆಗೆ ಬಂದು ಸುಮ್ನೆ ತೆಗೆದುಕೊಂಡು ಹೋಗಿ.