ಎರಡು ವರ್ಷ ಬಳಸಿದ ಮೇಲೆ: ಪುಟಾಣಿ ರೆಸಿನ್ ಗೊಂಬೆಗಳ ಸೆಟ್ಟು

ಇವು ಗಾಜಿನ ಭರಣಿಯಲ್ಲಿ ಗಿಡ ಬೆಳೆಸುವವರು ಅಲಂಕಾರಕ್ಕೆ ಇಡುವ, ರೆಸಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಥರದ ವಸ್ತುವಿನ ಗೊಂಬೆಗಳು. ನಾನು ತಗೊಂಡಿದ್ದು ಕಥೆಯ ದೃಶ್ಯ ಕಟ್ಟಿ ಫೋಟೋ ತೆಗೆಯೋಕೆ. ಆನ್‌ಲೈನ್‌ನಲ್ಲಿ 399 ರೂಪಾಯಿಗೆ 24 ಪೀಸು ಬಂದವು: ಒಬ್ಬಳು ರಾಜಕುಮಾರಿ, ರೆಕ್ಕೆ ಇರುವ ಮೂರು ಕಿನ್ನರಿಯರು, ಮೊಲಗಳು, ಬಸವನಹುಳು, ಬಾವಿ, ಸೇತುವೆ, ಒಂದಷ್ಟು ಕೆಂಪು ಅಣಬೆ ಮನೆಗಳು.

ಮೊದಲ ದಿನವೇ ಗೊತ್ತಾಗಿದ್ದು ಅಳತೆಯ ತೊಂದರೆ. ರಾಜಕುಮಾರಿ 3 ಸೆಂಟಿಮೀಟರ್, ಮೊಲ 2.5. ಅಂದರೆ ಅವಳನ್ನು ಐದು ಅಡಿ ಹುಡುಗಿ ಅಂದುಕೊಂಡರೆ ಮೊಲ ನಾಲ್ಕು ಅಡಿ ದಾಟುತ್ತದೆ! ರೈಲು ಮಾದರಿ ಮಾಡುವವರ ಗೊಂಬೆಗಳಲ್ಲಿ ಈ ಗೋಳಿಲ್ಲ. ಅಲ್ಲಿ 1:87 ಅಂತ, ಅಂದರೆ ನಿಜದ 87ರಲ್ಲಿ ಒಂದು ಪಾಲು ಅಂತ, ಅಳತೆ ಬರೆದೇ ಇರುತ್ತದೆ, ಐದೂವರೆ ಅಡಿ ಮನುಷ್ಯ ಹೆಚ್ಚುಕಮ್ಮಿ 2 ಸೆಂಟಿಮೀಟರ್ ಬರುತ್ತಾನೆ, ಪಕ್ಕದ ಮನೆ, ಮರ ಎಲ್ಲ ಅದೇ ಲೆಕ್ಕದಲ್ಲಿ. ಇಲ್ಲಿ ಯಾರೋ ಕೈಗೆ ಸಿಕ್ಕಿದ್ದನ್ನು ಕವರಿಗೆ ತುಂಬಿದ್ದಾರೆ. ನಾನು ಮೊಲವನ್ನು ಹಿಂದೆ, ದೂರ ನಿಲ್ಲಿಸಿ ಸುಧಾರಿಸುತ್ತೇನೆ. ದೂರ ಇಟ್ಟರೆ ಚಿಕ್ಕದಾಗಿ ಕಾಣುತ್ತೆ ಅಲ್ವಾ, ಅಷ್ಟೇ ಉಪಾಯ.

ಎರಡನೆಯದು ಹೊಳಪು. ಕಿಟಕಿ ಬೆಳಕು ಬಿದ್ದರೆ ರಾಜಕುಮಾರಿ ಹಣೆ ಮೇಲೆ ಬಿಳಿ ಚುಕ್ಕೆ, ಎಣ್ಣೆ ಸ್ನಾನ ಮಾಡಿ ಬಂದವಳ ಹಾಗೆ. ಇವಳಿಗಿಂತ ಲಕ್ಷಣವಾಗಿರಲಿ ಅಂತ ಚನ್ನಪಟ್ಟಣದ ರಾಜ ರಾಣಿ ಜೋಡಿ ತಂದೆ. ಆಲೆ ಮರ, ಅರಗಿನ ಬಣ್ಣ, ಕೈಗೆ ತುಂಬ ಹಿತ, ಆದರೆ ಅರಗಿನ ಹೊಳಪು ಇನ್ನೂ ಜಾಸ್ತಿ. ಒಂದು ಫೋಟೋ ದೊಡ್ಡದು ಮಾಡಿ ನೋಡಿದರೆ ರಾಜನ ಹೊಟ್ಟೆಯಲ್ಲಿ ನಮ್ಮ ಮನೆ ಕಿಟಕಿ ಸರಳು, ಅದರ ಮುಂದೆ ಫೋನು ಹಿಡಿದು ಬಗ್ಗಿರುವ ನಾನು! ಆಮೇಲೆ ಕಿಟಕಿಗೆ ಬಟರ್ ಪೇಪರ್ ಅಂಟಿಸಿದೆ, ಬೆಳಕು ಮೆತ್ತಗಾಯಿತು. ರೆಸಿನ್ ಗೊಂಬೆಗಳಿಗೆ ಹೊಳಪಿಲ್ಲದ ವಾರ್ನಿಶ್ ಸ್ಪ್ರೇ ಹೊಡೆದೆ. ಚನ್ನಪಟ್ಟಣದ್ದಕ್ಕೆ ಅದನ್ನು ಹೊಡೆಯೋಕೆ ಮನಸ್ಸು ಬರಲಿಲ್ಲ.

ನಿಲ್ಲಿಸುವುದೂ ಕಷ್ಟ. ತಳ ಸಮ ಇಲ್ಲ, ಫ್ಯಾನ್ ಹಾಕಿದರೆ ಮೂವರೂ ಕಿನ್ನರಿಯರು ಮಕಾಡೆ. ಗೋಡೆಗೆ ಪೋಸ್ಟರ್ ಅಂಟಿಸುವ ಮೆತ್ತನೆಯ ಅಂಟು ಬರುತ್ತಲ್ಲ, ಕಡಲೆಕಾಳಿನಷ್ಟು ಸಾಕು. ಆರನೇ ತಿಂಗಳಿಗೆ ಒಬ್ಬಳ ರೆಕ್ಕೆ ಮುರಿಯಿತು, ಈಗ ಅವಳಿಗೆ ಯಾವಾಗಲೂ ಮರದ ಹಿಂದಿನ ಪಾತ್ರ.

ಇಷ್ಟೆಲ್ಲ ಬೈದರೂ ಎರಡು ವರ್ಷ ಯಾಕೆ ಇಟ್ಟುಕೊಂಡಿದ್ದೀನಿ ಅಂದರೆ, ಗೊಂಬೆಗಿಂತ ಸುತ್ತಲಿನದೇ ಮುಖ್ಯ ಅಂತ ಇವೇ ಕಲಿಸಿದ್ದು. ದಸರಾಕ್ಕೆ ಗೊಂಬೆ ಕೂರಿಸುವಾಗ ಅಮ್ಮ ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಪಾರ್ಕು ಮಾಡುತ್ತಿದ್ದರು, ಕನ್ನಡಿ ಮಲಗಿಸಿ ಕೆರೆ. ನಾನು ಮಾಡುವುದೂ ಅದನ್ನೇ. ಒಂದು ವಾರದ ರಾಗಿ ಪೈರಿನ ನಡುವೆ ಫೋನನ್ನು ತಲೆಕೆಳಗು ಮಾಡಿ, ಲೆನ್ಸು ಗೊಂಬೆಯ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಇಟ್ಟರೆ ಅದು ಕಾಡೇ. ಮೇಲಿಂದ ತೆಗೆದರೆ ಸುಮ್ನೆ ಸೊಪ್ಪಿನ ತಟ್ಟೆ. ಮಂಜಿಗೆ ಊದುಬತ್ತಿ ಹೊಗೆ. ಹಿಮಕ್ಕೆ ಸಕ್ಕರೆ ಹಾಕಬೇಡಿ, ಇರುವೆ ಬರುತ್ತವೆ, ರಂಗೋಲಿ ಪುಡಿ ಒಳ್ಳೆಯದು. ತೀರಾ ಹತ್ತಿರ ಹೋದರೆ ಮೂಗು ಸ್ಪಷ್ಟ, ಕಿವಿ ಮಸುಕು. ಸ್ವಲ್ಪ ಹಿಂದೆ ಸರಿದು ಜೂಮ್ ಮಾಡಿ, 2 ಸೆಕೆಂಡ್ ಟೈಮರ್ ಹಾಕಿ ಕೈ ಬಿಡಿ.

ನನಗೆ ತುಂಬ ಇಷ್ಟದ್ದು ಕಾಗಕ್ಕ ಗುಬ್ಬಕ್ಕನ ಕಥೆಯ ಫೋಟೋ. ಸೆಟ್ಟಿನಲ್ಲಿ ಹಕ್ಕಿಗಳೇ ಇರಲಿಲ್ಲ, ಎರಡನ್ನೂ ಎಂ-ಸೀಲ್‌ನಲ್ಲಿ ಮಾಡಿದೆ. ಗುಬ್ಬಕ್ಕನಿಗೆ ಜಲ್ಲಿಕಲ್ಲಿನ ಮನೆ, ಕಾಗಕ್ಕನಿಗೆ ನಿಜವಾದ ಸಗಣಿಯದೇ. ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ಮಳೆ ಸುರಿಸಿದೆ. ಮೆಲ್ಲಗೆ ಕರಗಲಿ ಅಂತ ನನ್ನ ಆಸೆ, ಸಗಣಿ ಸರಿಯಾಗಿ ಒಣಗಿತ್ತು, ಬಾಟಲಿ ಖಾಲಿಯಾದರೂ ಮನೆ ಅಲ್ಲಾಡಲಿಲ್ಲ. ಅಷ್ಟರಲ್ಲಿ ಗುಬ್ಬಕ್ಕನ ಕಲ್ಲಿನ ಮನೆ ದೊಪ್ಪಂತ ಬಿತ್ತು! ಆ ಫೋಟೋವನ್ನೇ ಇಟ್ಟುಕೊಂಡೆ, ಗುಬ್ಬಕ್ಕ ಹೋಗಿ ಕಾಗಕ್ಕನ ಬಾಗಿಲು ತಟ್ಟುತ್ತಿದ್ದಾಳೆ.

ಕೊಳ್ಳುವುದಾದರೆ ಜಾಹೀರಾತಿನ ಚಿತ್ರ ನಂಬಬೇಡಿ, ಪ್ರತಿ ಗೊಂಬೆಯ ಎತ್ತರ ಬರೆದಿರುವ ಕಡೆ ಮಾತ್ರ ತಗೊಳ್ಳಿ. ಇಲ್ಲದಿದ್ದರೆ ಮನೆ, ಬಾವಿ, ಸೇತುವೆ ಮಾತ್ರ ತಗೊಂಡು ಮನುಷ್ಯರನ್ನು ಬೇರೆ ಕಡೆ ಹುಡುಕಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಸ್ಟಾರ್. ಅಂದ ಹಾಗೆ, ಒಂದು ಅಣಬೆ ಮನೆಯನ್ನು ಕಳೆದ ಮಳೆಗಾಲ ಪೂರ್ತಿ ತುಳಸಿ ಕುಂಡದಲ್ಲಿ ಮರೆತುಬಿಟ್ಟಿದ್ದೆ. ಕೆಂಪು ಬಣ್ಣ ಮುಕ್ಕಾಲು ಹೋಗಿ, ಬಾಗಿಲಿಗೆ ಪಾಚಿ ಹಿಡಿದಿದೆ. ಈಗ ಇಡೀ ಸೆಟ್ಟಿನಲ್ಲಿ ಯಾರೋ ವಾಸ ಇರುವ ಮನೆ ಥರ ಕಾಣುವುದು ಅದೊಂದೇ.