ಆಡಿಷನ್ ರೂಮ್ ಸೂಪರ್, ಸಸ್ಪೆನ್ಸ್ ಠುಸ್: 'ದಿ ಡಿಸಪಿಯರಿಂಗ್ ಆಕ್ಟ್'

ಕ್ಯಾಥರಿನ್ ಸ್ಟೆಡ್‌ಮನ್ ಅವರ 'ದಿ ಡಿಸಪಿಯರಿಂಗ್ ಆಕ್ಟ್' (2021) ಓದಿ ಮುಗಿಸ್ದೆ, ಮುಗಿಸ್ದೆ ಅನ್ನೋದಕ್ಕಿಂತ ಕೊನೇ ಭಾಗ ಹೇಗೋ ತಳ್ದೆ ಅನ್ಬೇಕು. ಬೇಜಾರು ಜಾಸ್ತಿ ಯಾಕೆ ಅಂದ್ರೆ ಈಯಮ್ಮ ಸ್ವತಃ ನಟಿ, ಬ್ರಿಟಿಷ್ ಟಿವಿ ಸೀರಿಯಲ್ 'ಡೌನ್‌ಟನ್ ಆ್ಯಬಿ'ಯಲ್ಲಿ ಮೇಬಲ್ ಲೇನ್ ಫಾಕ್ಸ್ ಆಗಿದ್ದವರು, ಇವರ ಮೊದಲ ಕಾದಂಬರಿ 'ಸಮ್‌ಥಿಂಗ್ ಇನ್ ದ ವಾಟರ್' ಹಾಲಿವುಡ್ ನಟಿ ರೀಸ್ ವಿದರ್‌ಸ್ಪೂನ್ ಬುಕ್ ಕ್ಲಬ್‌ಗೆ ಆಯ್ಕೆಯಾಗಿ ಚೆನ್ನಾಗೇ ಓಡಿತ್ತು. ನಟಿ ಬಗ್ಗೆ ನಟಿನೇ ಬರೆದ ಥ್ರಿಲ್ಲರ್ ಅಂದ್ರೆ ಯಾರಿಗೆ ಆಸೆ ಆಗಲ್ಲ ಹೇಳಿ.

ಕಥೆಯ ನಾಯಕಿ ಮಿಯಾ ಎಲಿಯಟ್ ಲಂಡನ್ನಿನ ನಟಿ, ಹಳೇ ಇಂಗ್ಲಿಷ್ ಕಾದಂಬರಿಯ ಜೇನ್ ಐರ್ ಪಾತ್ರ ಮಾಡಿ ಹೆಸರು ಬಂದಿದೆ, ಅದೇ ಹೊತ್ತಿಗೆ ಬಾಯ್‌ಫ್ರೆಂಡ್ ಜಾರ್ಜ್ ಕೈಕೊಟ್ಟಿದಾನೆ. ಸರಿ ಅಂತ ಪೈಲಟ್ ಸೀಸನ್‌ಗೆ ಲಾಸ್ ಏಂಜಲೀಸ್‌ಗೆ ಬರ್ತಾಳೆ. ಗೊತ್ತಿಲ್ದೋರಿಗೆ: ಅಮೆರಿಕದ ಟಿವಿ ಚಾನೆಲ್‌ಗಳು ಹೊಸ ಸೀರಿಯಲ್ಲಿನ ಒಂದೇ ಒಂದು ಎಪಿಸೋಡ್ (ಅದೇ ಪೈಲಟ್) ಶೂಟ್ ಮಾಡಿ ನೋಡ್ತಿದ್ರು, ಅದಕ್ಕೆ ಜನ ಹುಡುಕೋ ಕಾಲ ವಾಡಿಕೆಯಂತೆ ಜನವರಿಯಿಂದ ಏಪ್ರಿಲ್ ಆಗಿತ್ತು, ಮೇನಲ್ಲಿ ಯಾವುದು ಉಳೀತು ಅಂತ ಜಾಹೀರಾತಿನವರ ಮುಂದೆ ಅನೌನ್ಸ್ ಮಾಡ್ತಿದ್ರು. ಬ್ರಿಟನ್ ಆಸ್ಟ್ರೇಲಿಯಾದಿಂದೆಲ್ಲ ನಟ ನಟಿಯರು ಅಲ್ಲಿಗೆ ಮುಗಿಬೀಳ್ತಿದ್ರು. ಕೆಲಸ ಮಾಡೋಕೆ ಓ-1 ವೀಸಾ ಬೇಕು, ಅಂದ್ರೆ ನಾನು ಅಸಾಧಾರಣ ಪ್ರತಿಭೆ ಅಂತ ದಾಖಲೆ ಸಮೇತ ಸಾಬೀತು ಮಾಡ್ಬೇಕು (ಸಂಕೋಚದ ಮನುಷ್ಯರಿಗೆ ಆಗೋ ಮಾತಲ್ಲ). ಅದೂ ಹೋಗ್ಲಿ, ಕೊನೇ ಟೆಸ್ಟ್‌ಗೆ ಮುಂಚೆನೇ ಆರೇಳು ವರ್ಷದ ಕಾಂಟ್ರ್ಯಾಕ್ಟ್‌ಗೆ ಸೈನ್ ಹಾಕ್ಬೇಕು, ಪಾತ್ರ ಸಿಗುತ್ತೋ ಇಲ್ವೋ ದೇವರಿಗೇ ಗೊತ್ತು. ನನ್ನ ಕೇಳಿದ್ರೆ ಹೆದರೋಕೆ ಇಷ್ಟು ಸಾಕು, ಯಾರೂ ಕಾಣೆಯಾಗಬೇಕಾಗಿಲ್ಲ.

ಆದ್ರೆ ಒಬ್ಬಳು ಕಾಣೆಯಾಗ್ತಾಳೆ. ಆಡಿಷನ್‌ಗೆ ಕಾಯ್ತಾ ಕೂತಾಗ ಎಮಿಲಿ ಅನ್ನೋಳ ಪರಿಚಯ ಆಗುತ್ತೆ, ಅವಳ ಕಾರಿನ ಪಾರ್ಕಿಂಗ್ ಮೀಟರ್‌ಗೆ ದುಡ್ಡು ಹಾಕೋಕೆ ಮಿಯಾ ಹೊರಗೆ ಹೋಗ್ತಾಳೆ, ವಾಪಸ್ ಬಂದ್ರೆ ಎಮಿಲಿ ಇಲ್ಲ, ಅವಳ ಪರ್ಸು ಕಾರ್ ಕೀ ಎರಡೂ ಇವಳ ಕೈಲಿ. ಆಮೇಲೆ ಒಬ್ಬಳು ಬಂದು ನಾನೇ ಎಮಿಲಿ, ಕೊಡಿ ಅಂತಾಳೆ. ಅವಳಲ್ಲ ಇವಳು! ಈ ಭಾಗ ನಿಜವಾಗ್ಲೂ ಚಿಂದಿ. ಒಂದೇ ಪಾತ್ರಕ್ಕೆ ಬಂದಿರೋ ಒಂದೇ ಥರದ ಹುಡುಗೀರು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ಅಳೆಯೋದು, ಪ್ರತಿಸ್ಪರ್ಧಿ ಕೈಗೇ ಕಾರ್ ಕೀ ಕೊಡೋ ಅನಿವಾರ್ಯತೆ, ಅನುಭವಿಸದೇ ಇದ್ದೋರಿಗೆ ಇದು ಬರೆಯೋಕಾಗಲ್ಲ.

ಅಲ್ಲಿಂದ ಮುಂದಕ್ಕೆ ಗಾಳಿ ಹೋಯ್ತು. ನಟಿಯರೇ ತುಂಬಿರೋ ಊರಲ್ಲಿ ಇನ್ನೊಬ್ಬಳ ಥರ ನಟಿಸೋಕೆ ಒಬ್ಬಳು ಸಿಗೋದೇನು ಕಷ್ಟ? ಓದೋರಿಗೆ ತಕ್ಷಣ ಹೊಳೆಯುತ್ತೆ, ಆಮೇಲೆ ಉಳಿಯೋದು ಯಾರು ಕಳಿಸಿದ್ರು ಯಾಕೆ ಅನ್ನೋದಷ್ಟೆ, 2017ರ ವೈನ್‌ಸ್ಟೀನ್ ಸುದ್ದಿ (ನಟಿಯರಿಗೆ ಲೈಂಗಿಕ ಕಿರುಕುಳ ಕೊಟ್ಟ ಆರೋಪದ ಹಾಲಿವುಡ್ ನಿರ್ಮಾಪಕ) ಓದಿದೋರಿಗೆ ಆ 'ಯಾಕೆ' ಊಹಿಸೋಕೆ ಪತ್ತೇದಾರ ಬೇಕಿಲ್ಲ. ಅಂತ್ಯ ಹೇಳಲ್ಲ ಬಿಡಿ, ಆದ್ರೆ ಅಲ್ಲಿಗೆ ಕರ್ಕೊಂಡು ಹೋಗೋ ದಾರಿ ಎಳೆದೂ ಎಳೆದೂ ಸಾಕಾಗುತ್ತೆ, ಕೊನೇಲಿ ಮಾತ್ರ ಬಸ್ ತಪ್ಪಿಹೋಗುತ್ತೇನೋ ಅನ್ನೋ ಹಾಗೆ ಅವಸರ. ಬಾಡಿಗೆ ಲೈಬ್ರರೀಲಿ ದಿನದ ಲೆಕ್ಕದಲ್ಲಿ ತರ್ತಿದ್ದ ನಮ್ಮ ಹಳೇ ಪತ್ತೇದಾರಿ ಕಾದಂಬರಿಗಳು ಭಾಷೆ ಹೇಗೇ ಇರ್ಲಿ, ಮಧ್ಯದಲ್ಲಿ ನಿದ್ದೆ ಬರಿಸ್ತಿರಲಿಲ್ಲ.

ಇದೇ ಊರಿನ ನಿಜ ಕಥೆ ಒಂದಿದೆ. ಪೆಗ್ ಎಂಟ್‌ವಿಸಲ್, ವೇಲ್ಸ್‌ನಲ್ಲಿ ಹುಟ್ಟಿದೋಳು, ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳಲ್ಲಿ ಹೆಸರು ಮಾಡಿ 1932ರಲ್ಲಿ ಹಾಲಿವುಡ್‌ಗೆ ಬಂದ್ಲು, ಮಾಡಿದ ಒಂದೇ ಸಿನಿಮಾದಲ್ಲಿ ಅವಳ ಪಾತ್ರದ ಬಹುಪಾಲು ಕತ್ತರಿಸಿದ್ರು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆಟ್ಟದ ಮೇಲಿನ 'ಹಾಲಿವುಡ್‌ಲ್ಯಾಂಡ್' ಬೋರ್ಡಿನ 'ಎಚ್' ಅಕ್ಷರದಿಂದ ಹಾರಿ ಸತ್ತಳು, 24 ವರ್ಷ. ಆ ಬೋರ್ಡು 1923ರಲ್ಲಿ ಸೈಟ್ ಮಾರೋಕೆ ಹಾಕಿದ ಜಾಹೀರಾತು. ಇದರಲ್ಲಿ ಒಂದೂ ಟ್ವಿಸ್ಟ್ ಇಲ್ಲ, ಆದ್ರೂ ಮನಸ್ಸಿಂದ ಹೋಗಲ್ಲ. ಸ್ಟೆಡ್‌ಮನ್‌ಗೆ ಈ ಒಂಟಿತನ ಬರೆಯೋ ಶಕ್ತಿ ಇದೆ, ಮೊದಲ ಅಧ್ಯಾಯಗಳಲ್ಲಿ ಕಾಣುತ್ತೆ. ಥ್ರಿಲ್ಲರ್ ಅಂತ ಮಾರಬೇಕಲ್ಲ, ಅದಕ್ಕೆ ಬಲಿ ಕೊಟ್ಟಿದಾರೆ.

ದುಡ್ಡು ಕೊಟ್ಟು ತಗೋಬೇಡಿ, ಯಾರಾದ್ರೂ ಕೊಟ್ರೆ ಎಮಿಲಿ ನಾಪತ್ತೆಯಾಗೋ ತನಕ ಓದಿ ವಾಪಸ್ ಕೊಡಿ. 5ಕ್ಕೆ 2, ಅದ್ರಲ್ಲಿ ಒಂದೂವರೆ ಆಡಿಷನ್ ರೂಮಿಗೆ.